ಒಂದು ವಾಕ್ಯ, ಒಂದೇ ತಪ್ಪು

ಹನ್ನೆರಡು ವರ್ಷಗಳ ಹಿಂದಿನ ಮಾತು. ಧಾರವಾಡದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದುವ ಹುಡುಗ ಹುಡುಗಿಯರಿಗೆ ಸಂಜೆ ಹೊತ್ತು ಇಂಗ್ಲಿಷ್ ಹೇಳಿಕೊಡುತ್ತಿದ್ದೆ. ಶನಿವಾರಕ್ಕೊಂದು ಮಾದರಿ ಪ್ರಶ್ನೆಪತ್ರಿಕೆಯನ್ನು ನಾನೇ ಬರೆದು ಹಂಚುತ್ತಿದ್ದೆ. ಒಂದು ಶನಿವಾರದ ಪತ್ರಿಕೆಯಲ್ಲಿ ಈ ವಾಕ್ಯವಿತ್ತು: ‘ದಿ ಕಮಿಟಿ ಡಿಸ್ಕಸ್ಡ್ ಅಬೌಟ್ ದಿ ಮ್ಯಾಟರ್ ಆಂಡ್ ರೀಚ್ಡ್ ಎ ಕನ್ಸೆನ್ಸಸ್ ಆಫ್ ಒಪಿನಿಯನ್.’ ವಾಕ್ಯವನ್ನು ನಾಲ್ಕು ತುಂಡು ಮಾಡಿ, ತಪ್ಪಿರುವ ತುಂಡನ್ನು ಗುರುತಿಸಿ ಎಂದು ಕೇಳಿದ್ದೆ. ನನ್ನ ಕೀ ಉತ್ತರ ‘ಡಿಸ್ಕಸ್ಡ್ ಅಬೌಟ್’ ಇರುವ ತುಂಡು. ಒಬ್ಬ ವಿದ್ಯಾರ್ಥಿನಿ ‘ಕನ್ಸೆನ್ಸಸ್ ಆಫ್ ಒಪಿನಿಯನ್’ ಇರುವ ತುಂಡಿಗೆ ಗುರುತು ಹಾಕಿದ್ದಳು. ನಾನು ಅಂಕ ಕಳೆದೆ.

ಸೋಮವಾರ ಅವಳು ನಿಘಂಟು ಹಿಡಿದು ಬಂದಳು. ‘ಕನ್ಸೆನ್ಸಸ್ ಅಂದರೇನೇ ಒಮ್ಮತದ ಅಭಿಪ್ರಾಯ. ಹಾಗಾದರೆ ಮತ್ತೆ ಒಪಿನಿಯನ್ ಯಾಕೆ ಸರ್?’ ಅವಳ ಮಾತು ಸರಿಯಾಗಿತ್ತು. ನಾನು ಒಂದು ತಪ್ಪನ್ನು ಬೇಕೆಂದೇ ಇಟ್ಟಿದ್ದೆ, ಇನ್ನೊಂದು ನನ್ನ ಕಣ್ಣು ತಪ್ಪಿಸಿ ಒಳಗೆ ಬಂದಿತ್ತು. ಅಂದಿನಿಂದ ಪ್ರಶ್ನೆಯ ವಾಕ್ಯಗಳನ್ನು ತಿದ್ದುವ ಕೆಲಸವನ್ನು ಪಾಠ ಹೇಳುವಷ್ಟೇ ನಿಷ್ಠೆಯಿಂದ ಮಾಡುತ್ತ ಬಂದಿದ್ದೇನೆ. ಆ ಕೆಲಸ ಕಲಿಸಿದ ಪಾಠಗಳಿವು. ಪ್ರಶ್ನೆ ಬರೆಯುವ ಶಿಕ್ಷಕರಿಗೂ ಉತ್ತರ ಹುಡುಕುವ ಅಭ್ಯರ್ಥಿಗಳಿಗೂ ಉಪಯೋಗವಾಗಲಿ ಎಂದು ಬರೆಯುತ್ತಿದ್ದೇನೆ.

1. ಒಂದು ವಾಕ್ಯದಲ್ಲಿ ಒಂದೇ ತಪ್ಪಿರಲಿ

ಇದು ಎಲ್ಲಕ್ಕಿಂತ ದೊಡ್ಡ ಪಾಠ. ಸ್ಟಾಫ್ ಸೆಲೆಕ್ಷನ್ ಕಮಿಷನ್ ನಡೆಸುವ ಸಿಜಿಎಲ್ ಪರೀಕ್ಷೆಯ ಮೊದಲ ಹಂತದಲ್ಲಿ 60 ನಿಮಿಷಕ್ಕೆ 100 ಪ್ರಶ್ನೆ. ಅದರಲ್ಲಿ 25 ಇಂಗ್ಲಿಷಿನವು. ಸರಿ ಉತ್ತರಕ್ಕೆ 2 ಅಂಕ ಸಿಗುತ್ತದೆ, ತಪ್ಪಾದರೆ ಅರ್ಧ ಅಂಕ ಹೋಗುತ್ತದೆ. ಐಬಿಪಿಎಸ್‌ನ ಪ್ರೊಬೇಷನರಿ ಆಫೀಸರ್ ಪೂರ್ವಭಾವಿ ಪರೀಕ್ಷೆಯಲ್ಲಿ ಇಂಗ್ಲಿಷಿನ 30 ಪ್ರಶ್ನೆಗೆ 20 ನಿಮಿಷ, ಅಂದರೆ ಒಂದು ಪ್ರಶ್ನೆಗೆ 40 ಸೆಕೆಂಡು. ಇಂಥ ಪರೀಕ್ಷೆಗೆ ತಯಾರಾಗುವವರು ನಮ್ಮ ಮಾದರಿ ಪತ್ರಿಕೆಗಳನ್ನು ನಂಬಿ ಕಣ್ಣು ಪಳಗಿಸಿಕೊಳ್ಳುತ್ತಾರೆ. ಒಂದೇ ವಾಕ್ಯದ ಎರಡು ತುಂಡಿನಲ್ಲಿ ತಪ್ಪಿದ್ದರೆ, ಚೆನ್ನಾಗಿ ಓದಿಕೊಂಡವರೇ ಎಡವುತ್ತಾರೆ. ಕಡಿಮೆ ತಿಳಿದವನಿಗೆ ಒಂದು ತಪ್ಪು ಮಾತ್ರ ಕಾಣುತ್ತದೆ, ಅವನು ನಿಶ್ಚಿಂತೆಯಿಂದ ಗುರುತು ಹಾಕಿ ಮುಂದೆ ಹೋಗುತ್ತಾನೆ. ಎರಡೂ ಕಂಡವಳು ಅಲ್ಲೇ ನಿಂತು ಸಮಯ ಕಳೆದುಕೊಳ್ಳುತ್ತಾಳೆ. ಹೆಚ್ಚು ಬಲ್ಲವರನ್ನು ಶಿಕ್ಷಿಸುವ ಪ್ರಶ್ನೆಗಿಂತ ಕೆಟ್ಟ ಪ್ರಶ್ನೆ ಇನ್ನೊಂದಿಲ್ಲ.

ಇದಕ್ಕೆ ನಾನು ಕಂಡುಕೊಂಡ ಕ್ರಮ ಸರಳ. ಮೊದಲು ಪೂರ್ತಿ ಸರಿಯಾದ ವಾಕ್ಯವನ್ನು ಬರೆಯುತ್ತೇನೆ. ಅದನ್ನು ಒಂದು ರಾತ್ರಿ ಇಟ್ಟು ಬೆಳಿಗ್ಗೆ ಓದುತ್ತೇನೆ. ಎಲ್ಲೂ ಕೊಂಕಿಲ್ಲ ಎಂದು ಖಾತ್ರಿಯಾದ ಮೇಲೆ ಒಂದೇ ಒಂದು ಕಡೆ ಕೆಡಿಸುತ್ತೇನೆ. ತಪ್ಪು ವಾಕ್ಯದಿಂದಲೇ ಬರೆಯಲು ಶುರುಮಾಡಿದಾಗ ಬೇಡದ ತಪ್ಪುಗಳೂ ಜೊತೆಗೆ ಬರುತ್ತವೆ.

2. ರೋಗ ಯಾವುದೆಂದು ಮೊದಲು ಗುರುತಿಸಿ

‘ಈ ವಾಕ್ಯ ತಪ್ಪು’ ಎಂಬ ಒಂದೇ ಮಾತಿನಲ್ಲಿ ಮೂರು ಬೇರೆ ಬೇರೆ ರೋಗಗಳನ್ನು ನಾವು ಕಲಸಿಬಿಡುತ್ತೇವೆ. ‘ಹಿ ಗೋ ಟು ಸ್ಕೂಲ್’ ಎಂಬುದು ವ್ಯಾಕರಣದ ತಪ್ಪು, ಕರ್ತೃವಿಗೂ ಕ್ರಿಯಾಪದಕ್ಕೂ ಹೊಂದಾಣಿಕೆಯಿಲ್ಲ. ‘ಹಿ ರಿಟರ್ನ್ಡ್ ಬ್ಯಾಕ್ ಹೋಮ್’ ಎಂಬುದು ಪುನರುಕ್ತಿ, ವ್ಯಾಕರಣ ನೆಟ್ಟಗಿದ್ದರೂ ಒಂದು ಪದ ಕೆಲಸವಿಲ್ಲದೆ ಕುಳಿತಿದೆ. ‘ದಿ ಪ್ರೈಸ್ ಈಸ್ ಕಾಸ್ಟ್ಲಿ’ ಎಂಬುದು ಮೂರನೆಯ ಬಗೆ. ವ್ಯಾಕರಣವೂ ಸರಿ, ಹೆಚ್ಚಿನ ಪದವೂ ಇಲ್ಲ, ಆದರೆ ಆ ಭಾಷೆಯವರು ಹಾಗೆ ಹೇಳುವುದಿಲ್ಲ. ವಸ್ತು ‘ಕಾಸ್ಟ್ಲಿ’, ಬೆಲೆ ‘ಹೈ’.

ಮೂರನೆಯದು ಹುಡುಗರಿಗೆ ಬೇಗ ತಲೆಗೆ ಹೋಗುವುದಿಲ್ಲ. ಆಗ ಕನ್ನಡದ ಉದಾಹರಣೆಯನ್ನೇ ಕೊಡುತ್ತೇನೆ. ಗಾಳಿ ಬೀಸುತ್ತದೆ, ಮಳೆ ಸುರಿಯುತ್ತದೆ, ಚಳಿ ಕೊರೆಯುತ್ತದೆ. ‘ಚಳಿ ಸುರಿಯಿತು’ ಎಂದರೆ ಯಾವ ವ್ಯಾಕರಣ ಪುಸ್ತಕವೂ ತಪ್ಪೆನ್ನುವುದಿಲ್ಲ, ಆದರೆ ನಮ್ಮ ಮನೆಯ ಅಜ್ಜಿ ತಪ್ಪೆನ್ನುತ್ತಾಳೆ. ಅಜ್ಜಿಯ ಕಿವಿಗೆ ಗೊತ್ತಿರುವುದೇ ನುಡಿಯ ಜಾಯಮಾನ. ಪರಭಾಷೆಯಲ್ಲಿ ನಮಗೆ ಆ ಅಜ್ಜಿ ಇರುವುದಿಲ್ಲ, ಅವಳ ಜಾಗವನ್ನು ಓದಿನಿಂದ ತುಂಬಿಕೊಳ್ಳಬೇಕು.

ವ್ಯಾಕರಣದ ತಪ್ಪಿಗೆ ಮದ್ದು ನಿಯಮ, ಪುನರುಕ್ತಿಗೆ ಮದ್ದು ಅರ್ಥ, ಜಾಯಮಾನದ ತಪ್ಪಿಗೆ ಮದ್ದು ರೂಢಿ. ಮೂರನ್ನೂ ನಿಯಮದಿಂದಲೇ ಗುಣಪಡಿಸಲು ಹೊರಟರೆ ವಿದ್ಯಾರ್ಥಿ ನೂರಾರು ನಿಯಮ ಬಾಯಿಪಾಠ ಮಾಡಿಯೂ ತೊದಲುತ್ತಾನೆ.

3. ಅನುಮಾನದ ಪದವನ್ನು ಬೆರಳಿನಿಂದ ಮುಚ್ಚಿ ಓದಿ

ಪುನರುಕ್ತಿಯನ್ನು ಹಿಡಿಯಲು ಇದಕ್ಕಿಂತ ಒಳ್ಳೆಯ ಉಪಾಯ ನನಗೆ ಸಿಕ್ಕಿಲ್ಲ. ಪದವನ್ನು ಮುಚ್ಚಿ ಓದಿದಾಗ ಅರ್ಥ ಒಂದು ಕಾಳಿನಷ್ಟೂ ಕಡಿಮೆಯಾಗದಿದ್ದರೆ ಆ ಪದ ಹೊರೆ.

ಎಲ್ಲಿ ಬೆರಳಿಡಬೇಕು ಎಂಬುದನ್ನೂ ಅನುಭವ ಹೇಳಿಕೊಡುತ್ತದೆ. ಪರೀಕ್ಷೆಗಳಲ್ಲಿ ಬರುವ ಪುನರುಕ್ತಿಗಳು ಮುಖ್ಯವಾಗಿ ನಾಲ್ಕು ಕಡೆ ಅಡಗಿರುತ್ತವೆ. ಒಂದು, ಕ್ರಿಯಾಪದದ ಹೊಟ್ಟೆಯಲ್ಲಿ. ‘ರಿಟರ್ನ್’, ‘ರಿವರ್ಟ್’ ಎಂಬ ಪದಗಳ ಮೊದಲಿನ ‘ರಿ’ ಲ್ಯಾಟಿನ್ನಿನಿಂದ ಬಂದದ್ದು, ಅದಕ್ಕೆ ಹಿಂದಕ್ಕೆ, ಮತ್ತೆ ಎಂಬ ಅರ್ಥವಿದೆ. ಆದ್ದರಿಂದ ‘ರಿಟರ್ನ್ ಬ್ಯಾಕ್’, ‘ರಿವರ್ಟ್ ಬ್ಯಾಕ್’ ಎಂದಾಗ ಹಿಂದಕ್ಕೆ ಎಂಬುದು ಎರಡು ಬಾರಿ ಬರುತ್ತದೆ. ಎರಡು, ನಾಮಪದದ ಮುಂದಿನ ವಿಶೇಷಣದಲ್ಲಿ. ‘ಅಡ್ವಾನ್ಸ್ ಪ್ಲ್ಯಾನಿಂಗ್’, ‘ಪಾಸ್ಟ್ ಹಿಸ್ಟರಿ’, ‘ಮ್ಯೂಚುವಲ್ ಕೋಆಪರೇಷನ್’ ಇಂಥವು. ಯೋಜನೆ ಮಾಡುವುದೇ ಮುಂಚಿತವಾಗಿ, ಇತಿಹಾಸ ಎಂದರೇ ಕಳೆದದ್ದು. ಮೂರು, ಗಡಿಯಾರದ ಮಾತಿನಲ್ಲಿ: ‘ನೈನ್ ಎ.ಎಂ. ಇನ್ ದಿ ಮಾರ್ನಿಂಗ್’. ನಾಲ್ಕು, ಸಂಯೋಜಕ ಪದಗಳಲ್ಲಿ: ‘ದಿ ರೀಸನ್ ಈಸ್ ಬಿಕಾಸ್’, ‘ಸಪೋಸ್ ಇಫ್’, ‘ಆಲ್ದೋ’ ಎಂದು ಶುರುಮಾಡಿ ನಡುವೆ ‘ಬಟ್’.

ಈ ನಾಲ್ಕನೆಯ ಗುಂಪು ಸ್ವಾರಸ್ಯದ್ದು. ‘ಒಂದು ವೇಳೆ ಮಳೆ ಬಂದರೆ’ ಎನ್ನುವಾಗ ಕನ್ನಡ ಷರತ್ತನ್ನು ಎರಡು ಕಡೆ ಹೇಳುತ್ತದೆ, ‘ಒಂದು ವೇಳೆ’ಯಲ್ಲಿ ಒಮ್ಮೆ, ‘ರೆ’ ಪ್ರತ್ಯಯದಲ್ಲಿ ಇನ್ನೊಮ್ಮೆ. ನಮಗದು ಸಹಜ. ಅದೇ ಅಭ್ಯಾಸ ಇಂಗ್ಲಿಷಿಗೆ ಹೋದಾಗ ‘ಸಪೋಸ್ ಇಫ್ ಇಟ್ ರೇನ್ಸ್’ ಆಗುತ್ತದೆ. ಅಲ್ಲಿ ಎರಡರಲ್ಲಿ ಒಂದು ಸಾಕು. ‘ಆಲ್ದೋ… ಬಟ್’ ವಿಷಯದಲ್ಲಿ ಮಾತ್ರ ಕನ್ನಡ ನಮ್ಮ ಕೈಹಿಡಿಯುತ್ತದೆ. ‘ಬಡವನಾದರೂ ಪ್ರಾಮಾಣಿಕ’ ಎನ್ನುತ್ತೇವೆ. ‘ಬಡವನಾದರೂ ಆದರೆ ಪ್ರಾಮಾಣಿಕ’ ಎನ್ನುವುದಿಲ್ಲ. ಈ ಒಂದು ವಾಕ್ಯ ನೆನಪಿದ್ದರೆ ಸಾಕು, ಆ ಪ್ರಶ್ನೆಯಲ್ಲಿ ಎಂದೂ ತಪ್ಪುವುದಿಲ್ಲ.

4. ಎರಡು ಬಾರಿ ಬಂದದ್ದೆಲ್ಲ ದೋಷವಲ್ಲ

ಪುನರುಕ್ತಿ ಹಿಡಿಯುವ ಹುರುಪು ಬಂದ ಹೊಸದರಲ್ಲಿ ನಾನು ‘ಸೇಫ್ ಆಂಡ್ ಸೌಂಡ್’, ‘ನಲ್ ಆಂಡ್ ವಾಯ್ಡ್’ ಎಂಬುವನ್ನೂ ಕೆಂಪು ಶಾಯಿಯಲ್ಲಿ ಹೊಡೆದುಹಾಕಿದ್ದೇನೆ. ಅದು ನನ್ನ ತಪ್ಪು. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಅರಮನೆಯಲ್ಲೂ ನ್ಯಾಯಾಲಯದಲ್ಲೂ ಫ್ರೆಂಚ್ ಬಂತು, ಜನರ ಬಾಯಲ್ಲಿ ಇಂಗ್ಲಿಷ್ ಉಳಿಯಿತು. ಎರಡೂ ಕಡೆಯವರಿಗೆ ಅರ್ಥವಾಗಲೆಂದು ಎರಡೂ ಮೂಲದ ಪದಗಳನ್ನು ಜೋಡಿಸಿ ಹೇಳುವುದು ರೂಢಿಯಾಯಿತು. ‘ಗೂಡ್ಸ್ ಆಂಡ್ ಚಾಟಲ್ಸ್’ನಲ್ಲಿ ಮೊದಲನೆಯದು ಇಂಗ್ಲಿಷಿನದು, ಎರಡನೆಯದು ಫ್ರೆಂಚಿನದು. ‘ವಿಲ್ ಆಂಡ್ ಟೆಸ್ಟಮೆಂಟ್’ನಲ್ಲಿ ಇಂಗ್ಲಿಷ್ ಮತ್ತು ಲ್ಯಾಟಿನ್ ಕೈಹಿಡಿದಿವೆ.

ಕನ್ನಡಿಗರಿಗೆ ಇದು ಹೊಸತಲ್ಲ. ‘ಕಾಗದಪತ್ರ’ದಲ್ಲಿ ಕಾಗದ ಪಾರಸಿಯ ದಾರಿಯಲ್ಲಿ ಬಂದದ್ದು, ಪತ್ರ ಸಂಸ್ಕೃತದ್ದು. ‘ರೀತಿರಿವಾಜು’ ಕೂಡ ಹಾಗೆಯೇ. ‘ಬೇಗ ಬೇಗ ಬಾ’, ‘ಮನೆ ಮನೆಗೂ ಹೋದರು’ ಎಂಬಲ್ಲಿ ಪದ ಎರಡು ಬಾರಿ ಬಂದರೂ ಅದನ್ನು ದೋಷ ಎನ್ನುವುದಿಲ್ಲ, ದ್ವಿರುಕ್ತಿ ಎಂದು ವ್ಯಾಕರಣದಲ್ಲಿ ಜಾಗ ಕೊಟ್ಟಿದ್ದೇವೆ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗದ ಮೊದಲ ಪರಿಚ್ಛೇದಕ್ಕೆ ‘ದೋಷಾದೋಷಾನುವರ್ಣನ ನಿರ್ಣಯ’ ಎಂದು ಹೆಸರು. ದೋಷ ಯಾವುದು ಎಂದು ಹೇಳುವವರು ಅದೋಷ ಯಾವುದು ಎಂದೂ ತಿಳಿದಿರಬೇಕು ಎಂಬ ಎಚ್ಚರ ಆ ಹೆಸರಿನಲ್ಲೇ ಇದೆ. ಪ್ರಶ್ನೆ ಬರೆಯಲು ಕೂತಾಗಲೆಲ್ಲ ನನಗದು ನೆನಪಾಗುತ್ತದೆ.

ಸಂದರ್ಭವನ್ನೂ ನೋಡಬೇಕು. ‘ರಿಪೀಟ್ ಅಗೇನ್’ ಸಾಮಾನ್ಯವಾಗಿ ಪುನರುಕ್ತಿ. ಆದರೆ ಒಮ್ಮೆ ಪುನರಾವರ್ತಿಸಿದ್ದನ್ನು ಮತ್ತೂ ಒಮ್ಮೆ ಹೇಳಿದರೆ ಅಲ್ಲಿ ‘ಅಗೇನ್’ಗೆ ಕೆಲಸವಿದೆ. ‘ರಿಟರ್ನ್ಡ್ ಅಗೇನ್’ ಕೂಡ ಹಾಗೆಯೇ, ಎರಡನೆಯ ಸಲ ಮರಳಿ ಬಂದವನಿಗೆ ಅದು ಸರಿಯಾದ ಮಾತು. ಒಂದೇ ಸಾಲಿನ ಪ್ರಶ್ನೆಯಲ್ಲಿ ಸಂದರ್ಭ ಸಿಗದಿದ್ದರೆ ಇಂಥ ಪದಗಳನ್ನು ಕೇಳಲೇಬಾರದು.

5. ತಪ್ಪಿನ ಬೇರು ಕನ್ನಡದಲ್ಲಿದ್ದರೆ ಮದ್ದೂ ಕನ್ನಡದಲ್ಲೇ ಇದೆ

‘ಕನ್ನಡದಲ್ಲಿ ಯೋಚಿಸಬೇಡಿ’ ಎಂದು ಇಂಗ್ಲಿಷ್ ಮೇಷ್ಟರುಗಳು ಗದರಿಸುವುದನ್ನು ನಾನೂ ಕೇಳಿ ಬೆಳೆದವನು. ಈಗ ಅದಕ್ಕೆ ತದ್ವಿರುದ್ಧವಾಗಿ ಹೇಳಿಕೊಡುತ್ತೇನೆ.

‘ಡಿಸ್ಕಸ್ ಅಬೌಟ್’ ಬರುವುದು ‘ಅದರ ಬಗ್ಗೆ ಚರ್ಚಿಸು’ ಎಂಬುದರಿಂದ. ಆದರೆ ‘ವಿಷಯವನ್ನು ಚರ್ಚಿಸು’ ಎಂದೂ ಕನ್ನಡ ಹೇಳುತ್ತದಲ್ಲ! ‘ಅನ್ನು’ ಪ್ರತ್ಯಯ ಕೂರುವ ಕಡೆ ಇಂಗ್ಲಿಷ್ ಕ್ರಿಯಾಪದಕ್ಕೆ ನಡುವೆ ಇನ್ನೊಂದು ಪದ ಬೇಡ ಎಂದು ಒಂದು ಸೂತ್ರ ಮಾಡಿಕೊಂಡೆ. ಕೋಣೆಯನ್ನು ಪ್ರವೇಶಿಸಿದ: ‘ಎಂಟರ್ಡ್ ದಿ ರೂಮ್’, ಅಲ್ಲಿ ‘ಇನ್‌ಟು’ ಬೇಡ. ವೈದ್ಯನನ್ನು ಮದುವೆಯಾದಳು: ‘ಮ್ಯಾರೀಡ್ ಎ ಡಾಕ್ಟರ್’, ‘ವಿತ್’ ಬೇಡ. ತಂದೆಯನ್ನು ಹೋಲುತ್ತಾನೆ: ‘ರಿಸೆಂಬಲ್ಸ್ ಹಿಸ್ ಫಾದರ್’, ‘ಟು’ ಬೇಡ. ಇಲಾಖೆಯನ್ನು ಸೇರಿದ: ‘ಜಾಯ್ನ್ಡ್ ದಿ ಡಿಪಾರ್ಟ್‌ಮೆಂಟ್’. ಪರೀಕ್ಷೆಗಳಲ್ಲಿ ಮತ್ತೆ ಮತ್ತೆ ಬರುವ ಪ್ರಶ್ನೆಗಳಲ್ಲಿ ಬಹಳಷ್ಟು ಈ ಒಂದು ಸೂತ್ರಕ್ಕೆ ಸಿಗುತ್ತವೆ.

ಸೂತ್ರಕ್ಕೆ ಅಪವಾದಗಳಿವೆ, ಅವನ್ನು ಮುಚ್ಚಿಡಬಾರದು. ಹಾಡನ್ನು ಕೇಳಲು ‘ಲಿಸನ್ ಟು’ ಬೇಕು, ಚಿತ್ರವನ್ನು ನೋಡಲು ‘ಲುಕ್ ಅಟ್’ ಬೇಕು, ಕಳೆದ ಕೀಲಿಯನ್ನು ಹುಡುಕಲು ‘ಸರ್ಚ್ ಫಾರ್’ ಬೇಕು. ಸೂತ್ರವನ್ನೂ ಈ ಮೂರು ಅಪವಾದಗಳನ್ನೂ ಹಲಗೆಯ ಮೇಲೆ ಅಕ್ಕಪಕ್ಕ ಬರೆಸುತ್ತೇನೆ.

‘ಗೆ’ ಪ್ರತ್ಯಯದ ಕಥೆ ಬೇರೆ. ‘ನನಗೆ ಹೇಳಿದರು’, ‘ನನಗೆ ವಿವರಿಸಿದರು’, ‘ನನಗೆ ಸೂಚಿಸಿದರು’ ಎಂದು ಕನ್ನಡದಲ್ಲಿ ಮೂರೂ ಒಂದೇ ಅಚ್ಚು. ಇಂಗ್ಲಿಷಿನಲ್ಲಿ ‘ಟೋಲ್ಡ್ ಮಿ’ ಸರಿ, ‘ಎಕ್ಸ್‌ಪ್ಲೇನ್ಡ್ ಮಿ’ ಮತ್ತು ‘ಸಜೆಸ್ಟೆಡ್ ಮಿ’ ತಪ್ಪು, ಅಲ್ಲಿ ‘ಟು ಮಿ’ ಆಗಬೇಕು. ಹಾಗೆಯೇ ‘ಇಂದ’ ಪ್ರತ್ಯಯ. ‘ಸೋಮವಾರದಿಂದ’ ಎನ್ನುವಾಗ ‘ಸಿನ್ಸ್’, ‘ಮೂರು ವರ್ಷದಿಂದ’ ಎನ್ನುವಾಗ ‘ಫಾರ್’. ಕನ್ನಡ ಎರಡಕ್ಕೂ ಒಂದೇ ಬಾಗಿಲು ಇಟ್ಟಿದೆ, ಇಂಗ್ಲಿಷ್ ಎರಡು ಬಾಗಿಲು ಇಟ್ಟಿದೆ. ಹೀಗೆ ಹೇಳಿದಾಗ ವಿದ್ಯಾರ್ಥಿಯ ಮುಖದಲ್ಲಿ ಒಂದು ಸಮಾಧಾನ ಕಾಣುತ್ತದೆ. ತಾನು ದಡ್ಡ ಎಂದುಕೊಂಡಿದ್ದವನಿಗೆ, ತನ್ನ ತಪ್ಪಿಗೊಂದು ನ್ಯಾಯವಾದ ಕಾರಣವಿದೆ ಎಂದು ತಿಳಿಯುತ್ತದೆ. ಹಳ್ಳಿಯ ಕನ್ನಡ ಶಾಲೆಯಿಂದ ಬಂದವರಿಗೆ ಆ ಸಮಾಧಾನವೇ ಅರ್ಧ ಪಾಠ.

6. ನಾಮಪದದ ಬಾಲವನ್ನು ಕ್ರಿಯಾಪದಕ್ಕೆ ಅಂಟಿಸಬೇಡಿ

ಬೇಡದ ಪದ ನುಸುಳಲು ಇನ್ನೊಂದು ಕಾರಣವಿದೆ, ಅದು ಇಂಗ್ಲಿಷಿನ ಒಳಗೇ ಇದೆ. ‘ಎ ಡಿಸ್ಕಷನ್ ಅಬೌಟ್ ವಾಟರ್’ ಸರಿ, ‘ಡಿಸ್ಕಸ್ ಅಬೌಟ್’ ತಪ್ಪು. ‘ಎಂಫಸಿಸ್ ಆನ್’ ಸರಿ, ‘ಎಂಫಸೈಸ್ ಆನ್’ ತಪ್ಪು. ‘ಎ ರಿಕ್ವೆಸ್ಟ್ ಫಾರ್ ಲೀವ್’ ಸರಿ, ‘ಐ ರಿಕ್ವೆಸ್ಟ್ ಫಾರ್ ಲೀವ್’ ತಪ್ಪು. ನಾಮಪದವಾಗಿ ಇದ್ದಾಗ ಬಾಲ ಬೇಕು, ಕ್ರಿಯಾಪದವಾದಾಗ ಬಾಲ ಉದುರುತ್ತದೆ. ನೆರೆಹೊರೆಯ ಪದಗಳೂ ಹೀಗೆ ಕಾಡುತ್ತವೆ. ‘ಇನ್ ಸ್ಪೈಟ್ ಆಫ್’ ನೋಡಿ ‘ಡಿಸ್ಪೈಟ್ ಆಫ್’ ಹುಟ್ಟಿತು. ‘ಕೀಪ್ ಅಪ್ ವಿತ್’ ಕೇಳಿದ ಕಿವಿ ‘ಕೋಪ್ ಅಪ್ ವಿತ್’ ಎನ್ನುತ್ತದೆ. ಇವನ್ನು ಜೋಡಿಯಾಗಿಯೇ ಕಲಿಸಬೇಕು. ಬಿಡಿಬಿಡಿಯಾಗಿ ಕಲಿಸಿದರೆ ಮರೆತುಹೋಗುತ್ತವೆ.

7. ಪಂಡಿತರೇ ಒಪ್ಪದ ವಿಷಯವನ್ನು ಅಭ್ಯರ್ಥಿಗೆ ಕೇಳಬೇಡಿ

ರೆನ್ ಮತ್ತು ಮಾರ್ಟಿನ್‌ರ ವ್ಯಾಕರಣ ಪುಸ್ತಕ 1935ರದ್ದು. ನನ್ನ ಮೇಜಿನ ಮೇಲೂ ಅದಿದೆ, ಅದಕ್ಕೆ ನಾನು ಋಣಿ. ಆದರೆ ‘ಶಲ್’ ಎಲ್ಲಿ, ‘ವಿಲ್’ ಎಲ್ಲಿ ಎಂಬ ಅಂದಿನ ಕಟ್ಟುನಿಟ್ಟು ಇಂದಿನ ಇಂಗ್ಲಿಷಿನಲ್ಲಿ ಉಳಿದಿಲ್ಲ. ‘ಟು ಕ್ಲಿಯರ್ಲಿ ಸೀ’ ಎಂಬಂಥ ಸ್ಪ್ಲಿಟ್ ಇನ್‌ಫಿನಿಟಿವ್ ತಪ್ಪು ಎಂದು ಇನ್ನೂ ಪ್ರಶ್ನೆ ಬರೆಯುವವರಿದ್ದಾರೆ. ಅದನ್ನು ತಪ್ಪಿಸಲು ಹೋಗಿ ವಾಕ್ಯವನ್ನು ಕೃತಕ ಮಾಡುವುದಕ್ಕಿಂತ ಅದೇ ವಾಸಿ ಎಂದು ಫೌಲರ್ 1926ರ ತಮ್ಮ ಬಳಕೆಯ ನಿಘಂಟಿನಲ್ಲೇ ಹೇಳಿದ್ದರು. ‘ಟಾಲರ್ ದ್ಯಾನ್ ಮಿ’, ‘ನನ್ ಆರ್’ ಇವುಗಳ ಬಗ್ಗೆಯೂ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಅಭ್ಯರ್ಥಿಯ ಕೆಲಸದ ಭವಿಷ್ಯವನ್ನು ಇಂಥ ಜಗಳಕ್ಕೆ ಕಟ್ಟಿಹಾಕುವುದು ಅನ್ಯಾಯ.

ಭಾರತದ ಇಂಗ್ಲಿಷನ್ನೂ ಎಚ್ಚರದಿಂದ ನೋಡಬೇಕು. ‘ಪ್ರಿಪೋನ್’ ಈಗ ಆಕ್ಸ್‌ಫರ್ಡ್ ನಿಘಂಟಿನಲ್ಲಿದೆ. 1972ರ ಆಗಸ್ಟ್ 15ರಂದು ನಮ್ಮ ಅಂಚೆ ಇಲಾಖೆ ಜಾರಿಗೆ ತಂದ ಪಿನ್ ಎಂಬುದರ ಪೂರ್ಣರೂಪ ‘ಪೋಸ್ಟಲ್ ಇಂಡೆಕ್ಸ್ ನಂಬರ್’. ಆದ್ದರಿಂದ ‘ಪಿನ್ ನಂಬರ್’ ಪುನರುಕ್ತಿ ಎಂದು ಕೇಳಬಹುದು, ಆದರೆ ‘ಪಿನ್ ಕೋಡ್’ ಇಡೀ ದೇಶದ ಲಕೋಟೆಗಳ ಮೇಲೆ ಕೂತುಬಿಟ್ಟಿದೆ. ಅದನ್ನು ತಪ್ಪೆನ್ನಲು ಯಾರಿಗೂ ಅಧಿಕಾರವಿಲ್ಲ. ‘ಕಸಿನ್ ಬ್ರದರ್’ ನಮ್ಮ ಮನೆಮಾತಿನಲ್ಲಿ ಅರ್ಥವುಳ್ಳ ಪದ, ಅಣ್ಣತಮ್ಮಂದಿರೋ ಅಕ್ಕತಂಗಿಯರೋ ಎಂದು ಹೇಳಬೇಕೆಂಬುದು ನಮ್ಮ ಬಂಧುತ್ವದ ಒತ್ತಾಯ. ಪರೀಕ್ಷೆಯಲ್ಲಿ ‘ಕಸಿನ್’ ಸಾಕು ಎಂದು ಹೇಳಿಕೊಡುತ್ತೇನೆ. ‘ಹಾಗೆನ್ನುವವರು ಅನಕ್ಷರಸ್ಥರು’ ಎಂದು ಮಾತ್ರ ಎಂದೂ ಹೇಳುವುದಿಲ್ಲ.

8. ತಿದ್ದಿದ ವಾಕ್ಯವನ್ನು ಗಟ್ಟಿಯಾಗಿ ಓದಿ

‘ಹಿ ಗೇವ್ ಮಿ ಮೆನಿ ಇನ್‌ಫರ್ಮೇಷನ್ಸ್’ ಎಂಬುದನ್ನು ತಿದ್ದಲು ಹೇಳಿದರೆ ಪುಸ್ತಕಗಳು ‘ಮಚ್ ಇನ್‌ಫರ್ಮೇಷನ್’ ಎನ್ನುತ್ತವೆ. ವ್ಯಾಕರಣ ಸರಿಹೋಯಿತು, ಬಾಯಿಗೆ ಇನ್ನೂ ಒಗ್ಗಲಿಲ್ಲ. ಆ ಭಾಷೆಯವರು ಸಾಮಾನ್ಯವಾಗಿ ಹೇಳುವುದು ‘ಎ ಲಾಟ್ ಆಫ್ ಇನ್‌ಫರ್ಮೇಷನ್’. ತಪ್ಪು ತೆಗೆದ ಮೇಲೂ ವಾಕ್ಯ ಮರದ ಗೊಂಬೆಯ ಹಾಗೆ ನಿಂತಿದ್ದರೆ ಆ ಪ್ರಶ್ನೆಯಿಂದ ವಿದ್ಯಾರ್ಥಿ ಕಲಿಯುವುದು ಗೊಂಬೆಯ ಇಂಗ್ಲಿಷನ್ನೇ. ನನ್ನ ಪ್ರಶ್ನೆಗಳಿಗೆ ಈಗ ಕಚೇರಿ, ಬಸ್ಸು, ಬ್ಯಾಂಕು, ಆಸ್ಪತ್ರೆಗಳಲ್ಲಿ ನಿಜವಾಗಿ ಆಡುವ ಮಾತುಗಳನ್ನೇ ಆರಿಸುತ್ತೇನೆ. ನಾಳೆ ಅವರು ಕೆಲಸಕ್ಕೆ ಸೇರಿದಾಗ ಕೈಗೆ ಬರುವುದು ಆ ಮಾತುಗಳೇ.

9. ‘ತಪ್ಪಿಲ್ಲ’ ಎಂಬ ಆಯ್ಕೆಗೂ ಮರ್ಯಾದೆ ಇರಲಿ

‘ನೋ ಎರರ್’, ‘ನೋ ಇಂಪ್ರೂವ್‌ಮೆಂಟ್’ ಎಂಬ ಆಯ್ಕೆ ಬರಿಯ ಅಲಂಕಾರವಾಗಬಾರದು. ಅದು ಎಂದೂ ಉತ್ತರವಾಗದಿದ್ದರೆ ಎಲ್ಲ ವಾಕ್ಯವನ್ನೂ ಅನುಮಾನಿಸುವ ಕಣ್ಣು ಬೆಳೆಯುತ್ತದೆ. ನನ್ನ ವಿದ್ಯಾರ್ಥಿಗಳು ಸರಿಯಾದ ವಾಕ್ಯಗಳನ್ನೂ ತಿದ್ದಿ ಕೆಡಿಸುತ್ತಿದ್ದ ಕಾಲವೊಂದಿತ್ತು, ಅದಕ್ಕೆ ನನ್ನ ಪತ್ರಿಕೆಗಳೇ ಕಾರಣವಾಗಿದ್ದವು. ಈಗ ಪ್ರತಿ ಪತ್ರಿಕೆಯಲ್ಲೂ ಕೆಲವು ವಾಕ್ಯಗಳನ್ನು ಪೂರ್ತಿ ಸರಿಯಾಗಿ ಬಿಡುತ್ತೇನೆ. ಸರಿಯಾದದ್ದನ್ನು ಸರಿ ಎಂದು ಧೈರ್ಯವಾಗಿ ಹೇಳುವುದೂ ಭಾಷೆ ಬಲ್ಲವರ ಲಕ್ಷಣ.

10. ಕೀ ಉತ್ತರದ ಪಕ್ಕ ಕಾರಣವನ್ನೂ ಬರೆಯಿರಿ

ಇದು ಕೊನೆಯ ಪಾಠ, ಮೊದಲಿನ ಒಂಬತ್ತನ್ನೂ ಕಾಯುವ ಪಾಠ. ಪ್ರತಿ ಪ್ರಶ್ನೆಯ ಕೀ ಉತ್ತರದ ಎದುರು ಒಂದು ಸಾಲಿನ ಕಾರಣ ಬರೆಯುವ ಅಭ್ಯಾಸ ಮಾಡಿಕೊಂಡೆ. ‘ಇದು ಪುನರುಕ್ತಿ, ಏಕೆಂದರೆ…’, ‘ಇದು ರೂಢಿಯಲ್ಲಿಲ್ಲ, ಹೇಳುವುದು ಹೀಗೆ…’ ಎಂದು. ಆ ಸಾಲು ಬರೆಯಲು ತಡವರಿಸಿದ ಪ್ರತಿಯೊಂದು ಪ್ರಶ್ನೆಯಲ್ಲೂ ಏನೋ ಕೊರತೆ ಇರುತ್ತಿತ್ತು. ಅಂಥವನ್ನು ಅಲ್ಲೇ ಕೈಬಿಟ್ಟೆ. ಉಳಿದವನ್ನು ಪರೀಕ್ಷೆಗೆ ಮೊದಲು ಇನ್ನೊಬ್ಬ ಶಿಕ್ಷಕರಿಂದ, ಕೀ ಉತ್ತರ ತೋರಿಸದೆ, ಬಿಡಿಸುತ್ತೇನೆ. ಅವರ ಉತ್ತರವೂ ನನ್ನ ಉತ್ತರವೂ ಬೇರೆಯಾದರೆ ಪ್ರಶ್ನೆಗೆ ಮತ್ತೆ ಕೆಲಸವಿದೆ ಎಂದರ್ಥ.

ಸ್ಟಾಫ್ ಸೆಲೆಕ್ಷನ್ ಕಮಿಷನ್ ಆಗಲಿ, ನಮ್ಮ ಕರ್ನಾಟಕ ಪರೀಕ್ಷಾ ಪ್ರಾಧಿಕಾರವಾಗಲಿ ತಾತ್ಕಾಲಿಕ ಕೀ ಉತ್ತರ ಪ್ರಕಟಿಸಿ ಆಕ್ಷೇಪಣೆ ಕರೆಯುತ್ತವೆ. ಅಭ್ಯರ್ಥಿಗಳೇ, ಆ ಅವಕಾಶವನ್ನು ಕೈಬಿಡಬೇಡಿ. ನಿಮ್ಮ ಉತ್ತರ ಸರಿ ಎಂದು ನಿಘಂಟು ಹೇಳಿದರೆ ಪುಟವನ್ನು ಲಗತ್ತಿಸಿ ಬರೆಯಿರಿ. ಶಿಕ್ಷಕ ಮಿತ್ರರೇ, ನಿಮ್ಮ ಬಾಗಿಲಿಗೆ ನಿಘಂಟು ಹಿಡಿದು ಬಂದವರನ್ನು ಕೂರಿಸಿ ಮಾತಾಡಿಸಿ. ಅಂದು ನನ್ನ ಬಾಗಿಲಿಗೆ ಬಂದ ಹುಡುಗಿಗೆ ಕಳೆದ ಅಂಕವನ್ನು ಮರಳಿ ಕೊಟ್ಟೆ. ಆ ಪ್ರಶ್ನೆಯನ್ನೂ ತಿದ್ದಿದೆ. ಈಗ ಅದು ಹೀಗಿದೆ: ‘ದಿ ಕಮಿಟಿ ಡಿಸ್ಕಸ್ಡ್ ಅಬೌಟ್ ದಿ ಮ್ಯಾಟರ್ ಆಂಡ್ ರೀಚ್ಡ್ ಎ ಕನ್ಸೆನ್ಸಸ್.’ ಅದರಲ್ಲಿ ಒಂದೇ ತಪ್ಪಿದೆ.